ಹದಿನಾಲ್ಕನೆಯ ತಟ್ಟೆ

ಇಲ್ಲಿ ಕಾಲವನ್ನು ಬರೀ ದಿನದಲ್ಲಿ ಎಣಿಸುವುದಿಲ್ಲ.
ದಿನವನ್ನು ನೀರಿನ ಬಿಸುಪಿನಿಂದ ಗುಣಿಸುತ್ತೇವೆ:
ಏಳು ಡಿಗ್ರಿಯ ಒಂದು ದಿನ ಏಳು,
ಹತ್ತರದ್ದು ಹತ್ತು.
ಕೂಡುತ್ತ ಕೂಡುತ್ತ ಐನೂರರ ಹತ್ತಿರ ಬಂದಾಗ
ಸಾಲ್ಮನ್ ಮೊಟ್ಟೆ ಒಡೆಯುತ್ತದೆ.

ಕಲಿಸಿದವನು ಸಿಗ್‌ವಾರ್ಟ್, ನನ್ನ ಮೊದಲ ಚಳಿಗಾಲ.
ಅವನ ಪೆನ್ಸಿಲ್ ಸದಾ ಒದ್ದೆ.
‘ಐನೂರು ಸಾಲ ಅಂದುಕೋ, ರಾಗ್ನ್‌ಫ್ರಿಡ್.
ಬೇಗ ತೀರಿಸಿದವರಿಗೇ ಬಡ್ಡಿ ಜಾಸ್ತಿ,
ಈ ಒಂದು ಅಂಗಡಿಯಲ್ಲಿ ಮಾತ್ರ.’

ಹೆಲ್ಗೆಲಾಂಡಿನ ಈ ದಡದಲ್ಲಿ ಡಿಸೆಂಬರ್ ಎಂದರೆ
ಮಧ್ಯಾಹ್ನಕ್ಕೊಂದು ನೀಲಿ ಗೀರು, ಅಷ್ಟೆ.
ಮೊಟ್ಟೆಮನೆಯೊಳಗೆ ಅದೂ ಇಲ್ಲ.
ಕೆಂಪು ಟಾರ್ಚು ಹಲ್ಲಲ್ಲಿ ಕಚ್ಚಿ ತಟ್ಟೆ ಎಳೆದು
ಸತ್ತು ಬಿಳಿಚಿದ್ದನ್ನು ಚಿಮಟದಲ್ಲಿ ತೆಗೆಯುತ್ತೇನೆ,
ಕಾಳಿನಲ್ಲಿ ಕಲ್ಲು ಆರಿಸಿದ ಹಾಗೆ.
ಉಳಿದವು ಕಿತ್ತಳೆ ಮಣಿ. ಒಂದೊಂದರಲ್ಲೂ
ಎರಡು ಕರಿ ಚುಕ್ಕಿ.
ಕಣ್ಣು ಬಂದಿದೆ, ಬೆನ್ನಿನ್ನೂ ಗಟ್ಟಿಯಾಗಿಲ್ಲ.

ಆ ವರ್ಷ ಮೊಟ್ಟೆ ಬಂದ ರಾತ್ರಿಯೇ
ಕಚೇರಿಯಿಂದ ಓದ್‌ಲೈವ್ ಇಳಿದು ಬಂದ.
ಹೊಸ ಗಮ್‌ಬೂಟು, ಮೆತ್ತನೆ ದನಿ.
ಮರಿ ಸಾಗಿಸುವ ಹಡಗು ಮೂರು ವಾರ ಮೊದಲೇ ಬರುತ್ತದಂತೆ,
ಬೇರೆ ದಿನ ಸಿಗದಂತೆ.
‘ಏಳರಿಂದ ಹತ್ತು. ಮೂರೇ ಡಿಗ್ರಿ.
ಎಪ್ಪತ್ತೊಂದು ದಿನದ ಕೆಲಸ ಐವತ್ತರಲ್ಲಿ.’
ಲೆಕ್ಕ ಸರಿಯಾಗಿತ್ತು. ನಾನೂ ಮಾಡಿ ನೋಡಿದೆ.

ಕವಾಟ ತಿರುಗಿಸಿದ್ದು ಅವನಲ್ಲ, ನಾನು.
ದಿನಚರಿಯಲ್ಲಿ ಹೆಸರು ಬರೆಯಲಿಲ್ಲ, ಅಂಕಿ ಬರೆದೆ.
ಬೆಚ್ಚನೆ ನೀರು ಕೊಳವೆಯೊಳಗೆ ಗೊಣಗುತ್ತ ಬಂತು.

ಹದಿನಾಲ್ಕನೆಯ ತಟ್ಟೆಗೆ ಮಾತ್ರ ಬರಲಿಲ್ಲ.
ಅದರ ನಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.
ರಿಪೇರಿಗೆ ಚೀಟಿ ಬರೆಯಬೇಕಿತ್ತು.
ಮರೆತೆನೋ,
ಮರೆಯಲು ಬಿಟ್ಟೆನೋ.

ಐವತ್ತನೆಯ ದಿನ ಇಡೀ ಮನೆ ಒಡೆದು ಮಿಸುಕಾಡಿತು,
ತಟ್ಟೆ ತಟ್ಟೆಯಲ್ಲೂ ಹೊಟ್ಟೆಗೆ ಬುತ್ತಿ ಕಟ್ಟಿಕೊಂಡ ಮರಿಗಳು.
ಹದಿನಾಲ್ಕು ಹಾಗೇ ಮಣಿ ಮಣಿಯಾಗಿ ಕೂತಿತ್ತು.
‘ಚೆಲ್ಲಿಬಿಡು’ ಅಂದ ಓದ್‌ಲೈವ್.
ಒಂದು ವಾರ ಕೇಳಿದೆ.
ಮೂರು ವಾರ ತೆಗೆದುಕೊಂಡೆ.

ಎರಡೂವರೆ ವರ್ಷದ ಮೇಲೆ, ಮೀನು ಸೀಳುವ ಮನೆ.
ಲಿಥುವೇನಿಯಾದಿಂದ ಬಂದ ವೈದ್ಯೆ ಔಶ್ರಿನೆ
ಎಕ್ಸ್‌ರೇ ಹಾಳೆಗಳನ್ನು ಕಿಟಕಿಗೆ ಅಂಟಿಸಿದ್ದಳು, ಆಚೆ ಹಿಮ.
ಇಲ್ಲಿ ಎರಡು ಗಂಟು ಒಂದಾಗಿವೆ, ನೋಡು.
ಇಲ್ಲಿ ಮೂರು.
ಬಾಲದ ಬಳಿ ದಾರ ಜಗ್ಗಿದಂತೆ ಮಣಿಗಳು ಒತ್ತಿಕೊಂಡಿದ್ದವು.
ಒಂದು ಹೃದಯವನ್ನು ಅಂಗೈಯಲ್ಲಿಟ್ಟು ತೋರಿಸಿದಳು:
ಮೊನೆ ಇರಬೇಕಾದಲ್ಲಿ ದುಂಡಗೆ, ಬಟಾಣಿಯ ಹಾಗೆ.
ಏನು ಮೇವು, ಯಾವ ಲಸಿಕೆ, ಎಷ್ಟು ಹೇನು,
ಎಲ್ಲ ಕೇಳಿದಳು, ಮೊಟ್ಟೆಯ ಕಾಲವೊಂದನ್ನು ಬಿಟ್ಟು.
ಕೊರೆವ ಕಡಲಲ್ಲಿ ಅಷ್ಟು ಈಜಿ ಬಂದ ಮೈ
ಆ ಐವತ್ತು ದಿನದ ಬೆಚ್ಚಗನ್ನು ಮರೆತಿರಲಿಲ್ಲ.

ಹೇಳಿದೆ.
ನನ್ನ ಕರಾವಳಿಯ ಮಾತು ಅವಳಿಗೆ ತಿಳಿಯಲಿಲ್ಲವೇನೋ ಎಂದು
ಕೈಗವಸು ಕಳಚಿ ಎತ್ತಿ ತೋರಿಸಿದೆ:
ಹತ್ತು.
ಹತ್ತೂ ಬೆರಳು.

ನೆಟ್ಟಗಿದ್ದ ಬೆನ್ನುಗಳೂ ಇದ್ದವು, ಅದೂ ನಿಜ;
ಹತ್ತರಲ್ಲಿ ಆರು. ಅವು ಹದಿನಾಲ್ಕರವೇ ಎಂದು
ಹೇಗೆ ಹೇಳಲಿ? ಗುರುತು ಹಾಕದೆ
ಎಲ್ಲವನ್ನೂ ಒಂದೇ ಬಲೆಗೆ ಬಿಟ್ಟಿದ್ದೆವು.

ಈ ಡಿಸೆಂಬರಿಗೆ ಹೊಸ ಕವಾಟ ಬಂದಿದೆ,
ಕಿರುಬೆರಳಿಗೂ ತಿರುಗುತ್ತದೆ.
ಸಿಗ್‌ವಾರ್ಟ್ ಬಿಟ್ಟುಹೋದ ಪುಸ್ತಕದಲ್ಲೇ ಬರೆಯುತ್ತೇನೆ:
ಏಳು. ನಿನ್ನೆ ಏಳು. ಮೊನ್ನೆ ಏಳು, ಒಂದು ದಶಾಂಶ ಕಡಿಮೆ.
ಮೇಲೆ ಕಚೇರಿಯಲ್ಲಿ ದೀಪ ಆರಿತು.
ಮೆಟ್ಟಿಲ ಮೇಲೆ ಗಮ್‌ಬೂಟು,
ಈಗ ಹಳತಾಗಿದೆ, ಸದ್ದು ಜಾಸ್ತಿ.
ಟಾರ್ಚು ಆರಿಸಿ
ಕವಾಟಕ್ಕೆ ಬೆನ್ನು ಕೊಟ್ಟು ನಿಂತಿದ್ದೇನೆ.